ಬೆಟ್ಟ ಹತ್ತದೆಯೂ ಆಲ್ಪ್ಸ್ ನೋಡಬಹುದು

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಯುರೋಪ್ ಪ್ರವಾಸದ ಬರಹ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಎಲ್ಲವೂ ಮೇಲಿನದ್ದೇ. ಹಿಮದ ತುದಿ, ಕೇಬಲ್ ಕಾರು, ತುದಿಯಲ್ಲಿ ಬಾವುಟದ ಪಕ್ಕ ನಿಂತವರ ಸಾಲು. ಆಲ್ಪ್ಸ್ ಅಂದರೆ ಅಷ್ಟೇ ಅಂತ ನಮ್ಮಲ್ಲಿ ಜಾಸ್ತಿ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದೇ ಬೆಟ್ಟಗಳ ಬುಡದಲ್ಲಿ, ನದಿಯ ದಂಡೆಗೆ, ನೂರಾರು ವರ್ಷಗಳ ಹಳೆಯ ಊರುಗಳಿವೆ. ನೆಲ ಸಮತಟ್ಟು. ಮಂಡಿ ನೋವಿನವರೂ ನಿಧಾನವಾಗಿ ನಡೆದು ನೋಡಬಹುದು. ಅವುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಪ್ಯಾಕೇಜ್ ಟೂರ್‌ನಲ್ಲಿ ಹೋಗಿದ್ದೆವು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಬಸ್ ನಿಲ್ಲಿಸಿ ನಲವತ್ತು ನಿಮಿಷ ಕೊಟ್ಟರು. ಚಿನ್ನದ ಮಾಡು ಅಂತ ಹೆಸರಾದ ಹಳೆಯ ಉಪ್ಪರಿಗೆ ನೋಡಿ, ಫೋಟೊ ತೆಗೆದುಕೊಂಡು ಓಡಿ ಬನ್ನಿ ಅಂದರು. ನಮ್ಮ ಯಜಮಾನರಿಗೆ ಓಡುವುದು ಎಲ್ಲಿ ಬಂತು? ಅವರು ಬಸ್ಸಿನಲ್ಲೇ ಕೂತರು. ಸಂಜೆ ಅಂಗಡಿಯೊಂದರಲ್ಲಿ ಮಾತ್ರ ಪೂರಾ ಎರಡು ಗಂಟೆ ಬಿಟ್ಟಿದ್ದರು. ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಬಂದು, ಅವರು ಆ ಊರನ್ನು ಬಸ್ಸಿನ ಗಾಜಿನಿಂದ ನೋಡಿದರಲ್ಲ ಅಂತ ನನಗೆ ತುಂಬಾ ದಿನ ಬೇಜಾರಿತ್ತು.

ಹೋದ ವರ್ಷ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋದಾಗ ಅವಳೇ ಹೇಳಿದಳು, ಅಮ್ಮ, ಈ ಸಲ ಯಾವ ಬೆಟ್ಟವನ್ನೂ ಹತ್ತುವುದು ಬೇಡ, ಕೆಳಗೇ ನಡೆಯೋಣ ಅಂತ. ಅಲ್ಲಿಂದ ರೈಲು ಹತ್ತಿದರೆ ಇನ್ಸ್‌ಬ್ರುಕ್, ಮುಂದೆ ಬ್ರೆನ್ನರ್ ಕಣಿವೆ ದಾರಿ, ಆಮೇಲೆ ಇಟಲಿಯ ಬೊಲ್ಜಾನೊ ಮತ್ತು ಮೆರಾನೊ. ಒಂದೊಂದು ಊರಲ್ಲಿ ಎರಡೆರಡು ದಿನ ಉಳಿದೆವು.

ಇನ್ಸ್‌ಬ್ರುಕ್‌ನ ಮರಿಯಾ ಥೆರೇಸಿಯಾ ಬೀದಿಯ ಒಂದು ತುದಿಯಲ್ಲಿ ಕಲ್ಲಿನ ಕಮಾನು ಬಾಗಿಲಿದೆ. ಅಲ್ಲಿಂದ ಶುರು ಮಾಡಿ. ಆಗ ಆಸ್ಟ್ರಿಯಾ ಆಳುತ್ತಿದ್ದ ರಾಣಿ ಮರಿಯಾ ಥೆರೇಸಿಯಾಳ ಮಗನ ಮದುವೆಗೆ 1765ರಲ್ಲಿ ಕಟ್ಟಿಸಿದ್ದು. ಮದುವೆಯ ಸಂಭ್ರಮ ಮುಗಿಯುವ ಮೊದಲೇ ಆಕೆಯ ಗಂಡ ತೀರಿಕೊಂಡ. ಹಾಗಾಗಿ ಬಾಗಿಲ ದಕ್ಷಿಣ ಮುಖದಲ್ಲಿ ಮದುವೆಯ ಕೆತ್ತನೆ, ಉತ್ತರ ಮುಖದಲ್ಲಿ ಸಾವಿನ ಕೆತ್ತನೆ. ಒಂದೇ ಬಾಗಿಲಿಗೆ ಮದುವೆ ಮನೆಯೂ ಸೂತಕದ ಮನೆಯೂ. ನಾನು ಎರಡೂ ಕಡೆ ಹೋಗಿ ನಿಂತು ನೋಡಿದೆ, ಮತ್ತೆ ವಾಪಸ್ ಬಂದು ಇನ್ನೊಂದು ಸಲ ನೋಡಿದೆ. ಬಸ್ಸಿನವರು ಇದರ ವಿಷಯ ಬಾಯಿ ಕೂಡ ಬಿಟ್ಟಿರಲಿಲ್ಲ.

ಅಲ್ಲಿಂದ ಬೀದಿ ನೇರ ಹೋಗುತ್ತದೆ. ಎದುರಿಗೆ ಬೀದಿಯ ಕೊನೆ ಮುಚ್ಚಿಬಿಡುವ ಹಾಗೆ ನಾರ್ಡ್‌ಕೆಟ್ಟೆ ಬೆಟ್ಟದ ಸಾಲು ನಿಂತಿರುತ್ತದೆ. ಬೆಟ್ಟ ಎಷ್ಟು ಎತ್ತರ ಅಂತ ಗೊತ್ತಾಗುವುದು ಕೆಳಗಿನಿಂದ ನೋಡಿದಾಗಲೇ ಅಲ್ವಾ? ಹತ್ತು ನಿಮಿಷ ನಡೆದರೆ ಚಿನ್ನದ ಮಾಡು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ಗಾಗಿ 1500ರ ಹೊತ್ತಿಗೆ ಕಟ್ಟಿದ ಉಪ್ಪರಿಗೆ, ಅದರ ಮೇಲೆ ಚಿನ್ನದ ಲೇಪ ಕೊಟ್ಟ 2,657 ತಾಮ್ರದ ಹೆಂಚು. ಹತ್ತಿರದ ಹೋಫ್‌ಕಿರ್ಖೆ ಚರ್ಚಿನಲ್ಲಿ ಅವನ ಸಮಾಧಿಯ ಎರಡೂ ಪಕ್ಕ ಆಳೆತ್ತರಕ್ಕೂ ಮೀರಿದ 28 ಕಂಚಿನ ಪ್ರತಿಮೆಗಳು ನಿಂತಿವೆ. ಸಮಾಧಿ ಮಾತ್ರ ಖಾಲಿ, ಅವನ ದೇಹ ಇರುವುದು ಬೇರೆ ಊರಲ್ಲಿ. ನಮ್ಮ ಯಜಮಾನರು ಈ ಸಲ ಒಂದೊಂದು ಪ್ರತಿಮೆಯ ಮುಂದೆಯೂ ನಿಂತರು. ಅವಸರ ಮಾಡುವವರು ಯಾರೂ ಇರಲಿಲ್ಲ.

ಬೊಲ್ಜಾನೊ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ಊರು, ಬೀದಿಯ ಹೆಸರೆಲ್ಲ ಇಟಾಲಿಯನ್ ಮತ್ತು ಜರ್ಮನ್ ಎರಡರಲ್ಲೂ ಇರುತ್ತವೆ. ಹಳೆಯ ಪೇಟೆ ಬೀದಿಯ ಎರಡೂ ಬದಿಗೆ ಕಮಾನಿನ ಜಗಲಿ ಇದೆ, ಮಳೆ ಬಂದರೂ ಬಿಸಿಲು ಬಂದರೂ ಅದರ ಕೆಳಗೇ ನಡೆದು ಹೋಗಬಹುದು. ಬೀದಿಯ ಕೊನೆಗೆ ಹಣ್ಣಿನ ಮಾರ್ಕೆಟ್. ಸ್ವಲ್ಪ ಮುಂದೆ ಮ್ಯೂಸಿಯಂ. 1991ರಲ್ಲಿ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ ಅಲ್ಲಿದೆ. ಓಟ್ಜಿ ಅಂತ ಹೆಸರಿಟ್ಟಿದ್ದಾರೆ. ಸಣ್ಣ ಕಿಟಕಿಯಲ್ಲಿ ನೋಡಬೇಕು. ಆಮೇಲೆ ತಲ್ವೇರಾ ಹೊಳೆಯ ದಂಡೆಯ ಮೇಲೆ ಹುಲ್ಲು ಹಾಸಿನ ಪಕ್ಕ ಎಷ್ಟು ದೂರ ಬೇಕಾದರೂ ನಡೆಯಬಹುದು. ಊರು ಇರುವುದು ಸಮುದ್ರಮಟ್ಟದಿಂದ 262 ಮೀಟರ್ ಎತ್ತರದಲ್ಲಿ ಅಷ್ಟೇ, ನಮ್ಮ ತುಮಕೂರಿಗಿಂತ ತಗ್ಗು. ಬೇಸಿಗೆಯಲ್ಲಿ ಸೆಕೆ ಜಾಸ್ತಿ. ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗುವುದು ಒಳ್ಳೆಯದು.

ನನಗೆ ನಿಜವಾಗಿ ಹೇಳಬೇಕಾಗಿರುವುದು ಮೆರಾನೊ ವಿಷಯ.

ಊರ ಮಧ್ಯೆ ಪಾಸ್ಸಿರಿಯೊ ಅನ್ನುವ ಹೊಳೆ ಹರಿಯುತ್ತದೆ. ಅದರ ಎರಡು ದಂಡೆಗೂ ಕಾಲುದಾರಿ. ಬಿಸಿಲು ಬೀಳುವ ದಂಡೆಯದು ಚಳಿಗಾಲದ ದಾರಿ, ಮರದ ನೆರಳಿರುವ ಎದುರು ದಂಡೆಯದು ಬೇಸಿಗೆಯ ದಾರಿ. ಹೆಸರೇ ಹಾಗಿದೆ. ನಡೆಯುವವನಿಗೆ ಯಾವ ತಿಂಗಳಲ್ಲಿ ಬಿಸಿಲು ಬೇಕು, ಯಾವಾಗ ನೆರಳು ಬೇಕು ಅಂತ ಯೋಚಿಸಿ ಒಂದು ಊರು ಎರಡು ದಾರಿ ಮಾಡಿಟ್ಟಿದೆ! ಚಳಿಗಾಲದ ದಾರಿಯಲ್ಲಿ ಉದ್ದಕ್ಕೆ ಒಂದು ಮಾಡು ಹಾಕಿದ ಪಡಸಾಲೆಯೂ ಇದೆ. ಒಳಗೆ ಗೋಡೆಯ ಮೇಲೆ ಸುತ್ತಲಿನ ಊರುಗಳ ಚಿತ್ರ ಬರೆಸಿದ್ದಾರೆ, ಕೂರಲು ಬೆಂಚು.

ಊರಿನ ಮೇಲ್ಗಡೆ ಟಾಪ್ಪೈನರ್ ದಾರಿ ಇದೆ. ಸುಮಾರು 4 ಕಿಲೋಮೀಟರ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾಂಜ್ ಟಾಪ್ಪೈನರ್ ಅನ್ನುವ ವೈದ್ಯರು ಮಾಡಿಸಿದ್ದು. ಆ ಕಾಲದಲ್ಲಿ ಶ್ವಾಸಕೋಶದ ಕಾಯಿಲೆಯವರು ಈ ಊರಿನ ಗಾಳಿಗೆ ಅಂತ ಬರುತ್ತಿದ್ದರು. ರೋಗಿಗಳು ಏದುಸಿರು ಬಿಡದೆ ನಡೆಯಬೇಕು ಅಂತಲೇ ಈ ದಾರಿ. ಶುರುವಿನಲ್ಲಿ ಸ್ವಲ್ಪ ಏರು, ಅಲ್ಲಿ ನಾವು ಎರಡು ಕಡೆ ಕೂತು ಸುಧಾರಿಸಿಕೊಂಡೆವು. ಮೇಲೆ ಹೋದ ಮೇಲೆ ಹೆಚ್ಚು ಕಡಿಮೆ ಸಮ. ಒಂದು ಕಡೆ ತಾಳೆ ಜಾತಿಯ ಮರ, ಕಳ್ಳಿ ಗಿಡ. ಇನ್ನೊಂದು ಕಡೆ ಕೆಳಗೆ ಊರಿನ ಹೆಂಚುಗಳು. ತಲೆ ಎತ್ತಿದರೆ ಹಿಮ.

ಇನ್ನೂ ಒಂದಿದೆ. ಆ ಸೀಮೆಯಲ್ಲಿ ವಾಲ್ ಅಂತ ಕರೆಯುವ ಹಳೆಯ ನೀರಿನ ಕಾಲುವೆಗಳಿವೆ. ಪಕ್ಕದ ಫಿನ್ಷ್‌ಗಾವ್ ಕಣಿವೆಯಲ್ಲಿ ವರ್ಷಕ್ಕೆ ಮಳೆ ಸುಮಾರು 500 ಮಿಲಿಮೀಟರ್, ನಮ್ಮ ಪಾವಗಡ ಶಿರಾ ಕಡೆಯ ಲೆಕ್ಕ. ಸುತ್ತಲಿನ ಬೆಟ್ಟಗಳೇ ಮೋಡವನ್ನು ತಡೆಯುತ್ತವೆ. ಹಾಗಾಗಿ ರೈತರು ಮೇಲಿನ ಹೊಳೆಗಳಿಂದ ಕಾಲುವೆ ತೋಡಿ ತೋಟಗಳಿಗೆ ನೀರು ತಂದರು. ನೀರು ನಿಧಾನವಾಗಿ ಹರಿಯಬೇಕು, ಆದ್ದರಿಂದ ಇಳಿಜಾರು ತೀರಾ ಕಡಿಮೆ. ಕಾಲುವೆಯ ಏರಿಯ ಮೇಲಿನ ಕಾಲುದಾರಿಯೂ ಅಷ್ಟೇ ಸಮ. ಮಾರ್ಲಿಂಗ್ ಊರಿನ ಕಾಲುವೆ ದಾರಿ 12 ಕಿಲೋಮೀಟರ್ ಉದ್ದ. ಪೂರ್ತಿ ನಡೆಯಬೇಕು ಅಂತಿಲ್ಲ, ಮಧ್ಯೆ ಸೇರಿಕೊಂಡು ಮಧ್ಯೆಯೇ ಇಳಿದು ಬರಬಹುದು. ನಾವು ಒಂದು ಗಂಟೆ ನಡೆದೆವು.

ಕಾಲುವೆ ಕಾಯುವವನಿಗೆ ವಾಲರ್ ಅಂತ ಹೆಸರು. ಮಗಳು ಅದನ್ನು ವಿವರಿಸುತ್ತಿದ್ದಳು. ಯಜಮಾನರು ತಡೆದು, ನಮ್ಮ ನೀರುಗಂಟಿ ಕಣೇ ಅಂದರು. ಅವರ ಊರಿನ ಕೆರೆಗೂ ನೀರುಗಂಟಿ ಇದ್ದರು, ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವರ ಕೆಲಸ. ವಾಲರ್ ಮಾಡುವುದೂ ಅದನ್ನೇ. ಕಾಲುವೆಯಲ್ಲಿ ಒಂದು ಪುಟ್ಟ ಮರದ ಚಕ್ರ ಇಟ್ಟಿರುತ್ತಾರೆ. ನೀರು ಅದನ್ನು ತಿರುಗಿಸುತ್ತದೆ, ಚಕ್ರ ಒಂದು ಸುತ್ತಿಗೆಯನ್ನು ಎತ್ತಿ ಬಿಡುತ್ತದೆ, ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಸದ್ದು ಕೇಳುತ್ತಿದ್ದರೆ ನೀರು ಬರುತ್ತಿದೆ ಅಂತ. ಸದ್ದು ನಿಂತರೆ ಎಲ್ಲೋ ಕಟ್ಟಿಕೊಂಡಿದೆ, ವಾಲರ್ ಗುದ್ದಲಿ ಹಿಡಿದು ಹೊರಡಬೇಕು. ನಾವು ಆ ಗಂಟೆಯ ಹತ್ತಿರ ತುಂಬಾ ಹೊತ್ತು ಕೂತಿದ್ದೆವು. ಯಜಮಾನರು ಚಕ್ರ ಹೇಗೆ ಮಾಡಿದ್ದಾರೆ ಅಂತ ಬಗ್ಗಿ ನೋಡುತ್ತಿದ್ದರು, ತಮ್ಮೂರಿನ ನೀರುಗಂಟಿಯ ಹೆಸರು ನೆನಪು ಮಾಡಿಕೊಂಡರು. ಇಡೀ ಪ್ರವಾಸದಲ್ಲಿ ಅವರು ಅಷ್ಟು ಮಾತಾಡಿದ್ದು ಅಲ್ಲೇ.

ಸಂಪಾದಕರೇ, ಮಕ್ಕಳು ವಿದೇಶದಲ್ಲಿರುವ ಎಷ್ಟೋ ಅಪ್ಪ ಅಮ್ಮಂದಿರು ನಿಮ್ಮ ಪತ್ರಿಕೆ ಓದುತ್ತಾರೆ. ಅಲ್ಲಿಗೆ ಹೋದರೂ ನಮ್ಮಿಂದ ಆಗಲ್ಲ ಅಂತ ಮನೆಯಲ್ಲೇ ಸುಮ್ನೆ ಕೂರುತ್ತಾರೆ. ಅವರಿಗಾಗಿ ಇಂಥ ಊರುಗಳ ನಡಿಗೆ ದಾರಿಗಳನ್ನು ಒಂದೊಂದಾಗಿ ಪುರವಣಿಯಲ್ಲಿ ಹಾಕಿ. ಎಷ್ಟು ದೂರ, ಎಲ್ಲಿ ಮೆಟ್ಟಿಲು, ಎಲ್ಲಿ ಬೆಂಚು, ಎಲ್ಲಿ ಕುಡಿಯುವ ನೀರು, ಶೌಚಾಲಯ ಯಾವ ಕಡೆ. ನಮಗೆ ಬೇಕಾಗುವುದು ಅದು. ಈ ಮೂರು ಊರುಗಳ ದಾರಿಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಬೆಂಚುಗಳ ಸಮೇತ. ಬೇಕು ಅಂದರೆ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.

– ನಿವೃತ್ತ ಶಿಕ್ಷಕಿ, ತುಮಕೂರು