ಶಾಲು ಬೇಡ ಮಗಳೇ, ಒಂದು ಮಧ್ಯಾಹ್ನ ಕೊಡಿಸು

ಪ್ರೀತಿಯ ಮಗಳಿಗೆ,

ಅವ್ವನ ಆಶೀರ್ವಾದ. ಬರುವ ವರ್ಷ ನಿಮ್ಮಪ್ಪನಿಗೆ ಎಪ್ಪತ್ತೈದು ತುಂಬುತ್ತದೆ, ದಾವಣಗೆರೆಯಲ್ಲೇ ಒಂದು ಸಭೆ ಇಟ್ಟು ಸನ್ಮಾನ ಮಾಡಿಸೋಣ, ನಾಟಕ ಕಂಪನಿಯ ಹಳಬರನ್ನೆಲ್ಲ ಕರೆಸೋಣ ಅಂತ ಬರೆದಿದ್ದೀಯ. ಓದಿ ಇಬ್ಬರಿಗೂ ಖುಷಿಯಾಯಿತು. ಆದರೆ ಸನ್ಮಾನ ಬೇಡವ್ವ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ವಾದಕ್ಕೆ ನಿಲ್ಲುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕಡೆ ಕಲಾವಿದರಿಗೆ ವಯಸ್ಸಾಯಿತು ಅಂದರೆ ಶಾಲು ಹೊದಿಸುತ್ತಾರೆ. ಪೇಟ, ಹಾರ, ಹಣ್ಣಿನ ಬುಟ್ಟಿ, ಒಂದು ಫಲಕ. ಭಾಷಣ ಮಾಡುವವರು ನಾಟಕ ಕಂಪನಿಯ ದೊಡ್ಡ ನಟಿ ಚಿಂದೋಡಿ ಲೀಲಾ ಅವರ ಹೆಸರು ತೆಗೆದು, 1988ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಹೇಳಿ, ಇವರೂ ಒಂದು ಕಾಲದಲ್ಲಿ ದೊಡ್ಡ ಕಲಾವಿದರು ಅಂತ ನಮ್ಮ ಕಡೆ ಕೈ ತೋರಿಸುತ್ತಾರೆ. ಹೋದ ಸಲ ಇಂಥದ್ದೇ ಒಂದು ಸಭೆಗೆ ನಿಮ್ಮಪ್ಪ ತಬಲಾ ತಗೊಂಡು ಹೋಗಿದ್ದರು. ವೇದಿಕೆ ಹಿಂದೆ ಕೂತು ಶ್ರುತಿ ಕೂಡ ಮಾಡಿಟ್ಟುಕೊಂಡಿದ್ದರು. ಬಾರಿಸಿ ಅಂತ ಯಾರೂ ಕೇಳಲಿಲ್ಲ. ಶಾಲು ಹೊದ್ದುಕೊಂಡು ಬಂದು ಆಟೋ ಹತ್ತಿದೆವು.

ನಾವು 'ಒಂದು ಕಾಲದವರು' ಅಲ್ಲ ಮಗಳೇ. ಈಗಲೂ ಪ್ರತಿ ಸೋಮವಾರ ನಿಟುವಳ್ಳಿಯಲ್ಲಿ ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರ ಮನೆಯಲ್ಲಿ ಸೇರುತ್ತೇವೆ. ಹಬ್ಬ ಹುಣ್ಣಿಮೆಗೆ ಮಠದಲ್ಲಿ ವಚನ ಹಾಡುತ್ತೇವೆ. ಅಲ್ಲಿ ಏನು ನಡೆಯುತ್ತದೆ ಅಂತ ನೀನು ನೋಡಿಲ್ಲ, ಅಲ್ವಾ?

ನನ್ನ ಗಂಟಲಿನಿಂದಲೇ ಶುರು ಮಾಡುತ್ತೇನೆ. ಕಂಪನಿಯಲ್ಲಿ ನಾನು ಕಪ್ಪು ಐದರಲ್ಲಿ, ಅಂದರೆ ಪೇಟಿಯ ಐದನೇ ಕಪ್ಪು ಕೀಲಿಯ ಶ್ರುತಿಯಲ್ಲಿ ಹಾಡುತ್ತಿದ್ದೆ. ವಯಸ್ಸಾದಂತೆ ಹೆಂಗಸರ ಧ್ವನಿ ಇಳಿಯುತ್ತದೆ. ನನ್ನದು ಕಪ್ಪು ನಾಲ್ಕಕ್ಕೆ ಬಂತು. ಚಳಿಗಾಲದಲ್ಲಿ ಅದಕ್ಕಿಂತ ಕೆಳಗಿನ ಬಿಳಿ ಐದಕ್ಕೂ ಇಳಿಯುತ್ತದೆ. ನನ್ನ ಶ್ರುತಿ ಇಳಿದರೆ ನಿಮ್ಮಪ್ಪನ ತಬಲಾನೂ ಬದಲಾಗಬೇಕು. ಸಣ್ಣ ಬಾಯಿಯ ತಬಲಾವನ್ನು ಅಷ್ಟು ಕೆಳಗೆ ಇಳಿಸಿದರೆ ನಾದವೇ ಸತ್ತುಹೋಗುತ್ತದೆ. ಅದಕ್ಕೇ ಬಾಯಿ ದೊಡ್ಡದಿರುವ ಇನ್ನೊಂದನ್ನು ತಂದರು. ನನಗೆ ಒಂದು ಮಾತೂ ಹೇಳದೆ ತಂದು, ಸೋಮವಾರ ಗವಸು ಬಿಚ್ಚಿದರು. ಹಳೆಯದನ್ನು ಒರೆಸಿ ಕಪಾಟಿನ ಮೇಲಿಟ್ಟಿದ್ದಾರೆ.

ಅವರಿಗೆ ಕಿವಿ ಮಂದವಾಗಿದೆ, ಅದು ನಿನಗೆ ಗೊತ್ತು. ವಯಸ್ಸಿಗೆ ಮೊದಲು ಹೋಗುವುದು ಸಣ್ಣ, ಚೂಪಾದ ದನಿಗಳು. ಎಡಗೈಯಲ್ಲಿ ಬಾರಿಸುವ ಡಗ್ಗಾದ ಗುಮ್ಮೆನ್ನುವ ನಾದ ಚೆನ್ನಾಗಿ ಕೇಳುತ್ತದೆ. ತಬಲಾದ ಅಂಚಿನಲ್ಲಿ ಬಾರಿಸುವ 'ನಾ' ಅನ್ನುವ ಪೆಟ್ಟು ಮಾತ್ರ ಸರಿಯಾಗಿ ಸಿಗುವುದಿಲ್ಲ. ಶ್ರುತಿ ಮಾಡುವಾಗ ಪೇಟಿ ಮಾಸ್ತರು ಷಡ್ಜ ಹಿಡಿದಿಡುತ್ತಾರೆ, ನಿಮ್ಮಪ್ಪ ಬಾರಿಸಿ ನನ್ನ ಮುಖ ನೋಡುತ್ತಾರೆ. ನಾನು ಹುಬ್ಬೇರಿಸಿದರೆ ಅಂಚಿಗೆ ಮೇಲಿನಿಂದ ಸುತ್ತಿಗೆಯಲ್ಲಿ ತಟ್ಟಿ ಶ್ರುತಿ ಏರಿಸುತ್ತಾರೆ. ತಲೆ ತಗ್ಗಿಸಿದರೆ ಕೆಳಗಿನಿಂದ ತಟ್ಟಿ ಇಳಿಸುತ್ತಾರೆ. ಹಾಗೆ ಸುತ್ತಲೂ ತಬಲಾ ಅಂಚಿನ ಒಂದೊಂದೇ ಭಾಗ ತಿರುಗಿಸುತ್ತಾ ಬರುತ್ತಾರೆ. ಲಯ ಮಾತ್ರ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ.

ಪೇಟಿ ಮಾಸ್ತರು ಕಂಪನಿಯಲ್ಲಿ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದರು. ಕಾಲಿನಿಂದ ಗಾಳಿ ಒತ್ತುವುದು, ಎರಡೂ ಕೈ ಕೀಲಿಗಳ ಮೇಲೆ. ಈಗ ಅವರ ಮಂಡಿ ನಡೆಯುವುದಿಲ್ಲ. ಕೈಪೇಟಿಗೆ ಬಂದರು. ಅದರಲ್ಲಿ ಒಂದು ಕೈ ಗಾಳಿ ಒತ್ತುವ ತಿದಿಗೇ ಹೋಗುತ್ತದೆ. ಇನ್ನು ನಮ್ಮ ಕ್ಲಾರಿಯೋನೆಟ್ ಮಾವ. ಹಲ್ಲು ಕಟ್ಟಿಸಿಕೊಂಡ ಮೇಲೆ ಅವರಿಗೆ ಜಾಸ್ತಿ ಊದಲು ಆಗುವುದಿಲ್ಲ. ಕ್ಲಾರಿಯೋನೆಟ್ಟಿನ ಮೂತಿ ಮೇಲಿನ ಹಲ್ಲಿಗೆ ಒತ್ತಿ ನಿಲ್ಲಬೇಕು, ಕಟ್ಟಿಸಿದ ಹಲ್ಲು ಅಲುಗಾಡುತ್ತದೆ, ಗಾಳಿ ಸೋರುತ್ತದೆ. ಒಂದು ಹಾಡಿಗೆ ಊದುತ್ತಾರೆ. ಉಳಿದ ಹೊತ್ತು ಪೇಟಿಯ ಎದುರು ಕೂತು ತಿದಿ ಒತ್ತುತ್ತಾರೆ. ಮಾಸ್ತರಿಗೆ ಎರಡೂ ಕೈ ವಾಪಸ್ ಸಿಕ್ಕಿವೆ. ನಾನು ಎಲ್ಲಿ ಉಸಿರು ತಗೋತೀನಿ ಅಂತ ಮಾವನಿಗೆ ಬಾಯಿಪಾಠ. ಸರಿಯಾಗಿ ಅಲ್ಲಿ ಗಾಳಿ ಜಾಸ್ತಿ ಕೊಟ್ಟು ಪೇಟಿಯ ದನಿ ತುಂಬುತ್ತಾರೆ. ನನ್ನ ಉಸಿರು ಗಿಡ್ಡವಾಗಿದ್ದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಬೇರೆ ಯಾರ ಜೊತೆ ಕೂತರೂ ಇದು ಆಗುವುದಿಲ್ಲ ಮಗಳೇ. ಹುಡುಗರು ಚೆನ್ನಾಗಿ ನುಡಿಸುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಎಲ್ಲಿ ಸೋಲುತ್ತೇನೆ ಅಂತ ಅವರಿಗೆ ಗೊತ್ತಿಲ್ಲ. ಇವರಿಗೆ ಗೊತ್ತು.

'ಇನ್ನು ಆರಾಮಾಗಿ ಇರಿ, ಯಾಕೆ ಒದ್ದಾಟ' ಅಂತಲೂ ಬರೆದಿದ್ದೀಯ. ಮಾಸ್ತರು ಗದುಗಿನಲ್ಲಿ ಸಂಗೀತ ಕಲಿಸುವ ಪುಣ್ಯಾಶ್ರಮದಲ್ಲಿ ಕಲಿತವರು. ಅವರು ಪೇಟಿ ಕಲಿತಾಗ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಜಾಗವೇ ಇರಲಿಲ್ಲ. 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ಆಗಲೇ ಕೈಬಿಡದವರು ಬೆರಳು ನೋಯುತ್ತದೆ ಅಂತ ಈಗ ಬಿಡುತ್ತಾರಾ? ಅವರ ಗುರುಗಳು ಪುಟ್ಟರಾಜ ಗವಾಯಿಗಳು ತೊಂಬತ್ತಾರು ವರ್ಷ ಬದುಕಿದರು. ಅವರಿಗೆ ಯಾರಾದರೂ ಇನ್ನು ಸಾಕು ಅಂದರಾ? ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು 2006ರಲ್ಲಿ, ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದರು. ಗಂಟಲಿನ ಆಪರೇಷನ್ ಆಗಿ ಅವರ ದನಿ ದಪ್ಪವಾಗಿತ್ತು. ಆ ದನಿಯಲ್ಲೇ ಅವರು ಗಂಗೂಬಾಯಿ ಆದದ್ದು. ನನ್ನ ಇಳಿದ ದನಿಗೆ ಅದೊಂದು ದೊಡ್ಡ ಧೈರ್ಯ.

ನೀನು ಆಫೀಸ್ ಕೆಲಸಕ್ಕೆ ಮಿಲಾನ್‌ಗೆ ಹೋದಾಗ ನೋಡಿ ಬಂದ ಆ ಮನೆಯ ವಿಷಯ ನಮ್ಮ ಸೋಮವಾರದಲ್ಲಿ ಓದಿ ಹೇಳಿದೆ. ವೆರ್ಡಿ ಅನ್ನುವ ಸಂಗೀತಗಾರ ಕೈಯಲ್ಲಿ ಕಾಸಿಲ್ಲದ ವಯಸ್ಸಾದ ಸಂಗೀತಗಾರರಿಗೆ ಅಂತ ತನ್ನ ದುಡ್ಡಿನಲ್ಲಿ ಕಟ್ಟಿಸಿದ್ದು, ತಾನು ಬದುಕಿರುವಾಗ ಬಾಗಿಲು ತೆಗೆಯಬೇಡಿ ಅಂದದ್ದು, 1901ರಲ್ಲಿ ತೀರಿಕೊಂಡ ಮೇಲೆ 1902ರಲ್ಲಿ ಅದು ಶುರುವಾದದ್ದು. ಕ್ಲಾರಿಯೋನೆಟ್ ಮಾವ ಎರಡು ಸಲ ಓದಿಸಿದರು. ಬದುಕಿದ್ದರೆ ಎಲ್ಲರೂ ಬಂದು ಕೈಮುಗಿಯುತ್ತಾರೆ, ಅದು ಬೇಡ ಅಂತ ಅಲ್ವಾ ಅಂದರು. ಅಲ್ಲಿ ಈಗ ಸಂಗೀತ ಕಲಿಯುವ ಹುಡುಗರೂ ಇರುತ್ತಾರೆ ಅಂದಿದ್ದೆಯಲ್ಲ, ಅದು ನನಗೆ ಎಲ್ಲಕ್ಕಿಂತ ಹಿಡಿಸಿತು.

ನಮ್ಮವರಲ್ಲಿ ಎಷ್ಟೋ ಜನಕ್ಕೆ ಅಂಥ ಮನೆ ಬೇಕು. ಕಂಪನಿ ಕೆಲಸಕ್ಕೆ ಪಿ.ಎಫ್. ಎಲ್ಲಿತ್ತು, ಪಿಂಚಣಿ ಎಲ್ಲಿತ್ತು? ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್, ಶೋ ಓಡಿದರೆ ಸಂಬಳ. ಐವತ್ತೆಂಟು ದಾಟಿದವರು ಅರ್ಜಿ ಹಾಕಿದರೆ ಸರ್ಕಾರದ ಮಾಸಾಶನ ಉಂಟು. ಆದರೆ ಅದನ್ನೇ ನಂಬಿ ಬಾಡಿಗೆ ಕೋಣೆಯಲ್ಲಿ ಇರುವ ಹೆಂಗಸರು ನನಗೆ ಗೊತ್ತು. ನನ್ನ ಜೊತೆ ನಾಯಕಿ ಪಾತ್ರ ಮಾಡಿದವರು.

ಆದ್ದರಿಂದ ಹೀಗೆ ಮಾಡು. ಸಭಾಂಗಣ, ಹೂವು, ಶಾಲು, ಬ್ಯಾನರ್ ಅಂತ ಇಟ್ಟಿರುವ ದುಡ್ಡನ್ನು ನುಡಿಸುವವರಿಗೆ, ಹಾಡುವವರಿಗೆ ಕೊಡು. ಸಹಾಯ ಅಂತ ಅಲ್ಲ. ಕವರಿನ ಮೇಲೆ 'ಸಂಭಾವನೆ' ಅಂತ ಬರೆದು, ಒಬ್ಬೊಬ್ಬರ ಕೈಗೇ ಕೊಡು. ಮಠದವರು ಕೇಳಿದರೆ ಹಾಲ್ ಕೊಡುತ್ತಾರೆ. ಕಾರ್ತಿಕದಲ್ಲಿ ಇಡೋಣ. ಮಳೆಗಾಲದ ತಂಪಿಗೆ ತಬಲಾ ಚರ್ಮ ಸಡಿಲಾಗುತ್ತದೆ, ಬೇಸಿಗೆಯಲ್ಲಿ ನಮ್ಮೂರಿನ ಸೆಕೆ ಯಾರಿಗೂ ಆಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಶುರುವಾದರೆ ಹರಿಹರ, ಜಗಳೂರು, ಚಿತ್ರದುರ್ಗದಿಂದ ಬಂದವರು ಕತ್ತಲಾಗುವ ಮೊದಲು ಬಸ್ ಹತ್ತಬಹುದು. ಕೈ ಇರುವ ಕುರ್ಚಿ ತರಿಸು, ನೆಲದ ಮೇಲೆ ಕೂತರೆ ಏಳಲು ಆಗುವುದಿಲ್ಲ. ಭಾಷಣ ಬೇಡ. ಸಂಗೀತ ಕಲಿಯುವ ಮಕ್ಕಳಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸು, ಕೇಳಲಿ. ಊಟದ ಗದ್ದಲ ಬೇಡ, ಮಂಡಕ್ಕಿ ಮಿರ್ಚಿ ಸಾಕು. ಕ್ಲಾರಿಯೋನೆಟ್ ಮಾವನಿಗೆ ಮಾತ್ರ ಬೆಣ್ಣೆದೋಸೆ.

ರಜೆ ಹಾಕುವ ಮೊದಲು ತಾರೀಖು ಹೇಳು. ಮಾಸ್ತರಿಗೆ ಕಣ್ಣಿನ ಆಪರೇಷನ್ ಇದೆ, ಅದು ಆಗಿ ತಿಂಗಳಾದರೂ ಕಳೆಯಬೇಕು. ಅಪ್ಪನಿಗೆ ಫೋನ್ ಮಾಡಬೇಡ, ಕೇಳಿಸದೆ ಸುಮ್ನೆ ಹೂಂ ಅಂತಾರೆ. ನನಗೇ ಮಾಡು.

ಇಂತಿ,
ನಿನ್ನ ಅವ್ವ
ದಾವಣಗೆರೆ