ಒಂದು ಗ್ರಹದ ಗಾಳಿ ಹುಡುಕಲು ಆರು ವರ್ಷ ಜೊತೆ ನಿಂತವರಿಗೆ

ಹೋದ ವಾರ ಬೆಂಗಳೂರಿನಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಮೊನ್ನೆ ಮಡಿಕೇರಿಯಲ್ಲಿ ಬಸ್ಸಿಳಿದು ಮನೆ ಸೇರಿದ್ದೇನೆ. ಪ್ರಬಂಧದಲ್ಲಿ ಕೃತಜ್ಞತೆಗೆಂದು ಸಿಕ್ಕಿದ್ದು ಒಂದೇ ಪುಟ, ಅದೂ ಇಂಗ್ಲಿಷಿನಲ್ಲಿ. ನನಗೆ ಹೆಚ್ಚು ಮಾಡಿದವರಲ್ಲಿ ಬಹಳ ಜನ ಅದನ್ನು ಓದುವವರಲ್ಲ. ಅವರಿಗಾಗಿ ಇದು.

ಮೊದಲು ನಮ್ಮ ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸಂಕ್ರಮಣ, ಅಂದರೆ ಶುಕ್ರ ಗ್ರಹ ಸೂರ್ಯನ ಮುಂದೆ ಚುಕ್ಕಿಯಂತೆ ಹಾದುಹೋಗುವುದು. ಮಳೆಗಾಲದ ಮೋಡ ಸರಿದು ಸೂರ್ಯ ಕಂಡದ್ದು ಐದೇ ನಿಮಿಷ. ಅಷ್ಟರಲ್ಲಿ ವೆಲ್ಡಿಂಗ್ ಗಾಜನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರಿಗೂ ಆ ಕಪ್ಪು ಚುಕ್ಕಿ ತೋರಿಸಿದಿರಿ. 1761ರಲ್ಲಿ ಇಂಥದೇ ಸಂಕ್ರಮಣದ ಹೊತ್ತಿಗೆ ಲೊಮೊನೊಸೊವ್ ಎಂಬ ರಷ್ಯಾದ ವಿಜ್ಞಾನಿ ಸೂರ್ಯನ ಅಂಚಿನಲ್ಲಿ ಕಂಡದ್ದರಿಂದಲೇ ಶುಕ್ರನಿಗೆ ವಾಯುಮಂಡಲವಿದೆ ಎಂದು ಹೇಳಿದ್ದರಂತೆ. ಇಲ್ಲಿ ನಿಂತು ಅಲ್ಲಿನ ಗಾಳಿಯನ್ನು ತಿಳಿಯಬಹುದು ಎನ್ನುವುದು ಅವತ್ತು ತಲೆಗೆ ಹೊಕ್ಕಿತು, ಮತ್ತೆ ಹೊರಬರಲಿಲ್ಲ.

2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯ ಹಿಂದಿನ ಬರೆ ಜರಿದು ಅಡುಗೆಮನೆಯೂ ಅರ್ಧ ತೋಟವೂ ಹೋದವು. ಗಂಜಿ ಕೇಂದ್ರದಲ್ಲಿ ಹನ್ನೊಂದು ದಿನ ಇದ್ದೆವು. ಓದು ಬಿಟ್ಟು ಕೆಲಸ ಹುಡುಕುತ್ತೇನೆ ಎಂದಾಗ ಅಮ್ಮ, 'ತೋಟ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು' ಎಂದರು. ಮುಂದಿನ ವರ್ಷ ಹೋದೆ. ಆಮೇಲಿನ ಪ್ರತಿ ಕುಯ್ಲನ್ನೂ ಅಮ್ಮನೇ ನಿಭಾಯಿಸಿದರು. ಕುಯ್ಲಿಗೆ ಬರುತ್ತಿದ್ದ ಅಕ್ಕಂದಿರು ಎರಡು ವರ್ಷ ಕೂಲಿಗೆ ಅವಸರ ಮಾಡದೆ ಕಾದರು. ಆ ಋಣ ತೀರಿಸಿದ್ದೇನೆ ಎಂದು ನಾನು ಯಾವತ್ತೂ ಹೇಳಲಾರೆ.

2021ರ ಡಿಸೆಂಬರ್ 25, ಸಂಜೆ 5.50. ಕರೆಂಟ್ ಇರಲಿಲ್ಲ. ಪಕ್ಕದ ತೋಟದ ಮಾವನ ಮನೆಯಲ್ಲಿ ಇನ್ವರ್ಟರ್ ಇತ್ತು. ಆರೂವರೆ ಮೀಟರ್ ಅಗಲದ ಕನ್ನಡಿಯನ್ನು ಮಡಚಿಟ್ಟುಕೊಂಡು ಜೇಮ್ಸ್ ವೆಬ್ ದೂರದರ್ಶಕ ಮೇಲೇರುವುದನ್ನು ಹದಿನಾಲ್ಕು ಜನ ಒಂದೇ ಫೋನಿನಲ್ಲಿ ನೋಡಿದೆವು. ಅದು ಹೋಗಿ ನಿಲ್ಲುವುದು ಹದಿನೈದು ಲಕ್ಷ ಕಿಲೋಮೀಟರ್ ಆಚೆ, ಅಲ್ಲಿ ಮಳೆಗಾಲವಿಲ್ಲ ಎಂದೆ. ಅತ್ತೆ ನನ್ನ ತಲೆ ಸವರಿದರು.

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನಮ್ಮ ಕಾಫಿ ಒಣಗಿಸುವ ಕಣವನ್ನೇ ತೋರಿಸಿದ್ದೇನೆ. ಮಧ್ಯಾಹ್ನ ಬರಿಗಾಲಿಡಲು ಆಗದ ನೆಲ, ರಾತ್ರಿ ಕೊರೆಯುತ್ತದೆ. ಟ್ರಾಪಿಸ್ಟ್-1 ಎಂಬ ಚಿಕ್ಕ ಕೆಂಪು ನಕ್ಷತ್ರ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಏಳು ಗ್ರಹಗಳಲ್ಲಿ ಒಳಗಿನದಾದ 'ಬಿ' ಒಂದೂವರೆ ದಿನಕ್ಕೆ ಒಂದು ಸುತ್ತು ಹಾಕುತ್ತದೆ. ಇಷ್ಟು ಹತ್ತಿರವಿರುವ ಗ್ರಹದ ಒಂದೇ ಮಗ್ಗುಲು ಸದಾ ನಕ್ಷತ್ರದತ್ತ ತಿರುಗಿರುತ್ತದೆ, ಅಲ್ಲಿ ಎಂದೂ ಸಂಜೆಯಾಗುವುದಿಲ್ಲ. ದಟ್ಟ ಗಾಳಿ ಇದ್ದರೆ ಅದು ಬಿಸಿಯನ್ನು ಕತ್ತಲ ಮಗ್ಗುಲಿಗೆ ಹೊತ್ತೊಯ್ದು ಹಗಲಿನ ಮಗ್ಗುಲನ್ನು ತಂಪಾಗಿಸುತ್ತದೆ. ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ಒಟ್ಟು ಬೆಳಕು ಎಷ್ಟು ಕುಗ್ಗಿತು ಎಂದು ಅಳೆದರೆ, ಅಷ್ಟು ಗ್ರಹ ತಾನೇ ಸೂಸುತ್ತಿದ್ದ ಬೆಳಕು; ಅದರಿಂದ ಆ ನೆಲದ ಬಿಸಿ ಗೊತ್ತಾಗುತ್ತದೆ. ಕುಗ್ಗಿದ್ದು ಹತ್ತು ಲಕ್ಷದಲ್ಲಿ 860 ಪಾಲಿನಷ್ಟು. ಸಾವಿರ ಕಾಫಿ ಬೀಜದ ರಾಶಿಯಿಂದ ಒಂದು ಬೀಜವೂ ಪೂರ್ತಿ ಹೋಗದಷ್ಟು. 2023ರಲ್ಲಿ ವೆಬ್ಬಿನಿಂದ ಬಂದ ಉತ್ತರ ಸುಮಾರು 230 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಡಿಮೆ ಬರಿ ಬಂಡೆಯ ಬಿಸಿ. ಪಕ್ಕದ 'ಸಿ' ಗ್ರಹದಲ್ಲಿ ಸುಮಾರು 110 ಡಿಗ್ರಿ; ಶುಕ್ರನಂಥ ದಪ್ಪ ಗಾಳಿಯ ಹೊದಿಕೆ ಅದಕ್ಕೂ ಇಲ್ಲ.

ದಪ್ಪ ಹೊದಿಕೆ ಇಲ್ಲ ಎನ್ನಬಹುದು, ತೆಳ್ಳನೆಯದೂ ಇಲ್ಲ ಎನ್ನುವುದು ಬಹಳ ಕಷ್ಟ. 'ಬಿ'ಯನ್ನು ಮುಂದೆ ಬೇರೊಂದು ತರಂಗಾಂತರದಲ್ಲಿ ನೋಡಿದಾಗ, ಮಬ್ಬು ಕವಿದ ಇಂಗಾಲದ ಡೈಆಕ್ಸೈಡ್ ಇದ್ದರೂ ಇರಬಹುದು ಎಂಬ ಬಾಗಿಲು ಮತ್ತೆ ತೆರೆಯಿತು. ಗಾಳಿ ಎಷ್ಟು ತೆಳುವಾದರೆ ವೆಬ್ಬಿನ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿದ್ದೇ ನನ್ನ ಆರು ವರ್ಷ. 'ಗಾಳಿ ಇಲ್ಲ' ಎಂಬ ಉತ್ತರ ಬಂದರೆ ಸುದ್ದಿಯವರಿಗೆ ಆಸಕ್ತಿ ಹೋಗುತ್ತದೆ, ನನಗೆ ಹೋಗಲಿಲ್ಲ. ಆರ್ಭಟಿಸುವ ಕೆಂಪು ನಕ್ಷತ್ರಗಳ ಪಕ್ಕ ಯಾವ ಗ್ರಹ ತನ್ನ ಗಾಳಿ ಉಳಿಸಿಕೊಳ್ಳುತ್ತದೆ ಎಂದು ತಿಳಿಯಲು, ಕಳೆದುಕೊಂಡವುಗಳ ಲೆಕ್ಕವೂ ಬೇಕು.

ನನ್ನ ಗೈಡ್ ಮೇಡಂ, ಮೂರನೇ ವರ್ಷ ನನ್ನ ಲೆಕ್ಕವೆಲ್ಲ ತಪ್ಪಿ ನಾನು ಊರಿಗೆ ಬಂದು ಕೂತಾಗ ನೀವು ಬೈಯಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಒಂದೊಂದೇ ಸಾಲು ಓದಿಸಿದಿರಿ. ನೆಟ್‌ವರ್ಕ್ ಸಿಗಲೆಂದು ನಾನು ಗುಡ್ಡ ಹತ್ತುವಾಗ ಟಾರ್ಚ್ ಹಿಡಿದು ಜೊತೆಗೆ ಬರುತ್ತಿದ್ದವನು ತಮ್ಮ. ಆನೆ ಬಂದಿದೆ ಎಂಬ ಸುದ್ದಿಯಿದ್ದ ದಿನಗಳಲ್ಲೂ ಬಂದ.

ಅಜ್ಜ ಈಗಿಲ್ಲ. ಹುತ್ತರಿಯ ರಾತ್ರಿ ಕದಿರು ತೆಗೆಯುವ ಮುಂಚೆ ಗದ್ದೆಯ ಬದುವಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಣ್ಣಿಮೆ ಚಂದ್ರನ ಪಕ್ಕದ ರೋಹಿಣಿಯನ್ನು ತೋರಿಸಿದವರು ಅವರು. ಈ ಸಲದ ಹುತ್ತರಿಗೆ ಊರಲ್ಲೇ ಇರುತ್ತೇನೆ. ಟ್ರಾಪಿಸ್ಟ್ ಇರುವ ಕುಂಭ ರಾಶಿ ಆ ಹೊತ್ತಿಗೆ ಪಡುವಣಕ್ಕೆ ವಾಲಿರುತ್ತದೆ. ನಕ್ಷತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ಆ ದಿಕ್ಕನ್ನು ಅಮ್ಮನಿಗೆ ತೋರಿಸಬೇಕು.