ನಡುಗಡ್ಡೆಗೆ ಹೋಗುವವರಿಗೆ ನೀರಿನ ಸುದ್ದಿ ಸಿಗಲಿ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದ ಕೆಳಗೆ ಕೃಷ್ಣಾ ಹೊಳೆ ಇಳಿದು ಬಂಡೆಗಳೂ ಮರಳುದಿಬ್ಬಗಳೂ ಮೇಲೇಳುತ್ತಿದ್ದಂತೆ, ಗುಡಾರ ಮತ್ತು ಗಾಳ ಹೊತ್ತು ತೆಪ್ಪದಲ್ಲಿ ನಡುಗಡ್ಡೆಗೆ ಹೋಗಿ ರಾತ್ರಿ ತಂಗುವ ಹವ್ಯಾಸ ಯಾದಗಿರಿ ಜಿಲ್ಲೆಯ ನಮ್ಮಂಥವರಿಗೂ ಅಂಟಿಕೊಂಡಿದೆ. ಕಳೆದ ಜನವರಿಯಲ್ಲಿ ನಾನೂ ಮೂವರು ಗೆಳೆಯರೊಂದಿಗೆ ಹೀಗೆ ಹೋಗಿದ್ದೆ.

ಬಿದಿರಿನ ಬುಟ್ಟಿಗೆ ತಾಡಪಾಲು ಹೊದಿಸಿ ಡಾಂಬರು ಬಳಿದ ತೆಪ್ಪ ಮೊಣಕಾಲುದ್ದದ ನೀರಿನಲ್ಲಿಯೂ ಬಂಡೆಗಳ ನಡುವೆ ಸಲೀಸಾಗಿ ನುಸುಳುತ್ತದೆ. ಆದರೆ ತಳ ದುಂಡಗಿರುವುದರಿಂದ, ಗಾಳಕ್ಕೆ ಮೀನು ಬಿದ್ದ ಸಂಭ್ರಮದಲ್ಲಿ ಎಲ್ಲರೂ ಒಂದೇ ಬದಿಗೆ ವಾಲಿದರೆ ಅಂಚು ಮುಳುಗಿ ನೀರು ಒಳನುಗ್ಗುತ್ತದೆ. ಒಂದು ರೋಹು ಸಿಕ್ಕಾಗ ನಾವು ಮಾಡಿದ್ದು ಅದನ್ನೇ. ಅಂಬಿಗ ಎದುರು ಅಂಚಿಗೆ ಜಿಗಿದು ಕೂರದಿದ್ದರೆ ಮೀನಿನ ಜೊತೆ ನಾವೂ ಹೊಳೆ ಸೇರುತ್ತಿದ್ದೆವು. ನಾಲ್ವರಲ್ಲಿ ಒಬ್ಬರೂ ಲೈಫ್ ಜಾಕೆಟ್ ತೊಟ್ಟಿರಲಿಲ್ಲ.

ರಾತ್ರಿ ನೀರಂಚಿನ ಮರಳಿನಲ್ಲೇ ಗುಡಾರ ಹಾಕೋಣವೆಂದಾಗ, ಈ ಹೊಳೆಯಲ್ಲಿ ಮೊಸಳೆಗಳಿವೆಯೆಂದು ಅಂಬಿಗ ನಮ್ಮನ್ನು ದಿಬ್ಬದ ಮೇಲಕ್ಕೆ ಕರೆದೊಯ್ದ. ಮೀನು ತೊಳೆದ ಜಾಗದಲ್ಲಿ ಕೊಡ ಅದ್ದಲೂ ಬಿಡಲಿಲ್ಲ. ನಸುಕಿನಲ್ಲಿ ಆತನೇ "ಏಳ್ರೀ ಸರ, ಹೊಳಿ ಏರ್ಲಾಕತ್ತದ" ಎಂದು ಎಬ್ಬಿಸಿದ. ಸಂಜೆ ಅಡುಗೆ ಮಾಡಿದ್ದ ಒಲೆಯ ಕಲ್ಲುಗಳು ಆಗಲೇ ನೀರಿನೊಳಗಿದ್ದವು. ಜಲಾಶಯದಿಂದ ನೀರು ಬಿಡುವುದು ತಪ್ಪಲ್ಲ. ಬಿಡುತ್ತಾರೆಯೇ ಎಂದು ವಿಚಾರಿಸದೆ ಹೊರಟ ತಪ್ಪು ನಮ್ಮದು.

ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಸುರಪುರ ಭಾಗದ ನಡುಗಡ್ಡೆಯ ಊರಾದ ನೀಲಕಂಠರಾಯನಗಡ್ಡಿಯ ಜನ ಪಟ್ಟ ಪಾಡನ್ನು ನಮ್ಮ ಪತ್ರಿಕೆಗಳು ವರ್ಷವರ್ಷವೂ ಬರೆದಿವೆ. ಮಳೆಗಾಲದ ಎಚ್ಚರಿಕೆ ಡಂಗುರದ ಮೂಲಕವಾದರೂ ಊರು ಮುಟ್ಟುತ್ತದೆ. ಆದರೆ ಮಳೆಗಾಲ ಮುಗಿದ ಮೇಲೆ ಬರುವ ಸಣ್ಣ ಏರಿಕೆ ಊರಿನವರಿಗೆ ಲೆಕ್ಕಕ್ಕಿಲ್ಲ, ಮರಳ ಮೇಲೆ ಮಲಗಿದವನಿಗೆ ಮಾತ್ರ ಅದೇ ಪ್ರವಾಹ.

ಆದ್ದರಿಂದ ತೆಪ್ಪ ಹೊರಡುವ ಪ್ರತಿ ಘಾಟಿನಲ್ಲಿ ಆ ದಿನ ಎಷ್ಟು ಕ್ಯೂಸೆಕ್ ನೀರು ಬಿಡಲಾಗುತ್ತದೆಂದು ಹಲಗೆಯ ಮೇಲೆ ಬರೆಯುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಬೇಕು. ಅಂಬಿಗರಿಗೆ ಲೈಫ್ ಜಾಕೆಟ್‌ಗಳನ್ನು ಕೊಟ್ಟು, ಅವುಗಳ ಬಾಡಿಗೆಯನ್ನು ಅವರೇ ಪಡೆಯಲು ಬಿಡಬೇಕು. ಇನ್ನು ಗಾಳದ ಮಾತು: ಮೀನು ಹಿಡಿಯುವ ಹಕ್ಕು ಗುತ್ತಿಗೆ ಇಲ್ಲವೇ ಪರವಾನಗಿಯಿಂದ ಬರುವಂಥದ್ದು, ಅದರ ಮೇಲೆ ಮೀನುಗಾರರ ಸಂಸಾರ ನಡೆಯುತ್ತದೆ, ಹವ್ಯಾಸಿಗಳು ಅವರನ್ನು ಕೇಳಿ, ತಿನ್ನುವಷ್ಟು ಹಿಡಿದು, ಉಳಿದದ್ದನ್ನು ಜೀವಂತವಾಗಿ ನೀರಿಗೆ ಬಿಡಬೇಕು. ಮುಂದಿನ ಜನವರಿಗೆ ಮತ್ತೆ ಹೋಗುವ ಆಸೆ ನಮಗಿದೆ, ಅಷ್ಟರೊಳಗೆ ಹಲಗೆಯೊಂದಾದರೂ ನಿಂತಿರಲಿ.

— ಒಬ್ಬ ಓದುಗ, ಸುರಪುರ